ಗಂಟೆ ಗುರುತಿನ ಷೂ

ಸಿರಿಲ್ ಹಾಬ್ಡೇ ಅಪರಾಧ ಮಾಡಲು ತೀರ್ಮಾನಿಸಿದ್ದು ಒದ್ದೆ ಕೊಡೆಯೊಂದನ್ನು ಹಿಡಿದುಕೊಂಡು ನಿಂತಿದ್ದಾಗ. ಕೊಡೆ ಅವನದಲ್ಲ, ಐರಿನಾ ವೆಲ್ಸ್ಕಾಯಾಳದು. ಲಂಡನ್ನಿನವರು ಸಾಲುಗಟ್ಟಿ ನಿಂತು ನೋಡುವ ಬ್ಯಾಲೆ ನರ್ತಕಿ ಆಕೆ. ರಷ್ಯದ್ದು ಹೆಸರು ಮಾತ್ರ, ಹುಟ್ಟಿದ್ದು ಲಂಡನ್ನಿನ ಅಂಚಿನ ಕ್ರಾಯ್ಡನ್ನಿನಲ್ಲಿ, ಐವಿ ವೆಲ್ಸ್ ಆಗಿ. ಆದರೆ ಐವಿ ವೆಲ್ಸ್ ಕುಣಿಯುತ್ತಾಳೆಂದರೆ ಟಿಕೆಟ್ ಕೊಳ್ಳುವವರು ಯಾರು? ಅವತ್ತು ಆಕೆ ಸಿರಿಲ್ ಕೆಲಸ ಮಾಡುತ್ತಿದ್ದ ಹ್ಯಾಕ್ನಿಯ ನೆಲಮಾಳಿಗೆಯ ಬ್ಯಾಲೆ ಷೂ ಕಾರ್ಖಾನೆಗೆ ತಾನಾಗಿ ಇಳಿದು ಬಂದು ಕೇಳಿದಳು:

"ನಿಮ್ಮಲ್ಲಿ ಗಂಟೆ ಯಾರು?"

ಷೂ ಮಾಡಿದವನು ಅದರ ಅಟ್ಟೆಯ ಮೇಲೆ ತನ್ನ ಗುರುತನ್ನು ಒತ್ತುವುದು ಅಲ್ಲಿನ ಪದ್ಧತಿ. ಸಿರಿಲ್‌ನದು ಮೀನು. ಪಕ್ಕದ ಮೇಜಿನ ವಿಲ್ಫ್ ಟ್ರಾಂಟರ್‌ನದು ಗಂಟೆ. ನರ್ತಕಿಯರಿಗೆ ಇವರ ಹೆಸರು ಗೊತ್ತಿಲ್ಲ, ಗುರುತು ಮಾತ್ರ ಗೊತ್ತು. ವೆಲ್ಸ್ಕಾಯಾ ಹಾಕುತ್ತಿದ್ದುದು ಗಂಟೆ ಗುರುತಿನವನ್ನೇ. ವಿಲ್ಫ್ ಕೈಗಂಟಿದ ಅಂಟನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ. ವೆಲ್ಸ್ಕಾಯಾ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು ದೊಡ್ಡದೊಂದು ಕೇಕ್ ಕೊಟ್ಟಳು. ಅದಕ್ಕೆ ಮೊದಲು, ಕೈ ಖಾಲಿ ಮಾಡಿಕೊಳ್ಳಲು, ಕೊಡೆಯನ್ನು ಹತ್ತಿರ ನಿಂತಿದ್ದವನಿಗೆ ಕೊಟ್ಟಿದ್ದಳು.

ಕೇಕನ್ನು ವಿಲ್ಫ್ ಎಲ್ಲರಿಗೂ ಹಂಚಿದ. ಸಿರಿಲ್ ಎರಡು ತುಂಡು ತಿಂದ. ಎರಡೂ ರುಚಿಸಲಿಲ್ಲ. ಕೆಲಸದಲ್ಲಿ ವಿಲ್ಫ್‌ಗಿಂತ ಸಿರಿಲ್ ಮೇಲೆಂದು ಮೇಸ್ತ್ರಿಯೇ ಒಪ್ಪುತ್ತಾನೆ. ವಿಲ್ಫ್ ಸಿಳ್ಳೆ ಹಾಕುತ್ತ, ಪಾರಿವಾಳಗಳ ಸುದ್ದಿ ಹೇಳುತ್ತ ಕೆಲಸ ಮಾಡುವವನು. ಅಂಥವನಿಗೆ ವೆಲ್ಸ್ಕಾಯಾ! ಆಕೆ ಒಮ್ಮೆ ಮೀನಿನ ಗುರುತಿನ ಷೂ ಹಾಕಿಕೊಂಡರೆ ಮತ್ತೆ ಬೇರೆ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಮೊದಲು ಆಕೆಯ ಮನಸ್ಸು ಗಂಟೆಯ ಮೇಲಿಂದ ಏಳಬೇಕು.

ಉಪಾಯ ಹೊಳೆದಾಗ ಅದರ ಸರಳತೆಗೆ ಅವನಿಗೇ ತನ್ನ ಮೇಲೆ ಗೌರವ ಬಂತು. ಬ್ಯಾಲೆ ಷೂವಿನ ಜೀವವೆಲ್ಲ ಅದರ ಮೂತಿಯಲ್ಲಿ, ನರ್ತಕಿ ಬೆರಳ ತುದಿಯ ಮೇಲೆ ನಿಲ್ಲುವ ಜಾಗದಲ್ಲಿದೆ. ಗೋಣಿಬಟ್ಟೆಯ ಪದರಗಳಿಗೆ ಹಿಟ್ಟಿನ ಅಂಟು ಸವರಿ, ಬಿಸಿಗೂಡಿನಲ್ಲಿ ಒಣಗಿಸಿದರೆ ಅದು ಮರದಂತೆ ಗಟ್ಟಿಯಾಗುತ್ತದೆ. ಮೇಸ್ತ್ರಿ ದೂರು ಹೊತ್ತು ಮೆಟ್ಟಿಲಿಳಿದಾಗಲೆಲ್ಲ ಕೂಗುವುದು ಒಂದೇ ಮಾತು: "ಯಾವನೋ ಅದು? ಒಂದೇ ದಿನಕ್ಕೆ ಷೂ ಮೆತ್ತಗಾಯ್ತಂತೆ!" ಗಟ್ಟಿಯಾಯಿತೆಂದು ಇಷ್ಟು ವರ್ಷದಲ್ಲಿ ಒಬ್ಬಳೂ ದೂರಿಲ್ಲ. ಹಾಗಾದರೆ ವೆಲ್ಸ್ಕಾಯಾಳಿಗೆ ಗಂಟೆ ಗುರುತಿನ ಮೆತ್ತನೆಯ ಷೂ ಹೋಗಲಿ. ತೀರ ಮೆತ್ತಗೂ ಬೇಡ, ಕಾಲು ಉಳುಕೀತು, ಸಿರಿಲ್ ಕಟುಕನಲ್ಲ. ಆಕೆಯ ಕೂದಲು ಕೊಂಕದೆ ಮನಸ್ಸು ಮಾತ್ರ ಮುರಿಯಬೇಕು.

ಶನಿವಾರ ಮಧ್ಯಾಹ್ನ ಕಾರ್ಖಾನೆಯವರೆಲ್ಲ ಫುಟ್‌ಬಾಲ್ ನೋಡಲು ಹೋದರು.

"ಬಾರೋ ಸಿರಿಲ್, ಒಂದಿನ ಗಂಟಲು ಹರ್ಕೊಂಡ್ರೆ ಸಾಯಲ್ಲ," ಎಂದ ವಿಲ್ಫ್.

"ಸೊಂಟ ಹಿಡ್ಕೊಂಡಿದೆ ಕಣೋ," ಎಂದ ಸಿರಿಲ್, ಸೊಂಟ ಹಿಡಿದುಕೊಂಡೇ.

ಒಬ್ಬನೇ ಉಳಿದ ಮೇಲೆ ಕೆಲಸಕ್ಕೆ ಕೈಹಾಕಿದ. ಅಂಟಿಗೆ ನೀರು ಬೆರೆಸಿದ, ಗೋಣಿಬಟ್ಟೆಯ ಒಂದು ಪದರ ಕಡಿಮೆ ಮಾಡಿದ. ಮೂತಿಯ ಕೆಳಗಿನ ಸ್ಯಾಟಿನ್ ನೆರಿಗೆಗಳಲ್ಲಿ ಪ್ರತಿಯೊಬ್ಬನ ಕೈಯ ಛಾಪು ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ವಿಲ್ಫ್‌ನ ಹಾಗೆಯೇ ಎಡಕ್ಕೆ ತುಸು ಸೊಟ್ಟಗೆ ಹಿಡಿದ. ಚೊಕ್ಕ ಕೆಲಸದವನಿಗೆ ಅದೇ ದೊಡ್ಡ ಹಿಂಸೆ. ಗಂಟೆಯ ಮುದ್ರೆ ವಿಲ್ಫ್‌ನ ಮೇಜಿನ ಮೇಲೇ ಬಿದ್ದಿತ್ತು, ಎತ್ತಿ ಅಟ್ಟೆಗೆ ಒತ್ತಿದ. ವೆಲ್ಸ್ಕಾಯಾಳಿಗೆಂದು ವಿಲ್ಫ್ ಮಾಡಿಟ್ಟಿದ್ದ ಅಸಲಿ ಷೂಗಳನ್ನು ಮೆಲ್ಬರ್ನಿಗೆ ಹೊರಟಿದ್ದ ಪೆಟ್ಟಿಗೆಯ ತಳಕ್ಕೆ ತುರುಕಿದ. ಅಷ್ಟು ದೂರದಿಂದ ಯಾರು ಬಂದು ಕೇಳುತ್ತಾರೆ?

ವೆಲ್ಸ್ಕಾಯಾಳ ಹೊಸ ಬ್ಯಾಲೆಯ ಮೊದಲ ಪ್ರದರ್ಶನಕ್ಕೆ ಸಿರಿಲ್ ಮಾಡಿದ ಷೂಗಳೇ ಹೋದವು. ಸತ್ತ ಮದುವಣಗಿತ್ತಿ ದೆವ್ವವಾಗಿ ಬರುವ ಕತೆಯಂತೆ. ಕಾರ್ಖಾನೆಗೆ ಪುಕ್ಕಟೆ ಟಿಕೆಟ್ ಬಂದಿತ್ತು. ಸಿರಿಲ್ ತನ್ನದನ್ನು ಎಂದಿನಂತೆ ಮಾಂಸದಂಗಡಿಯವನ ಹೆಂಡತಿಗೆ ಮಾರಿದ. ಷೂ ಮಾಡುವವನು ಷೂ ನೋಡಲು ಥಿಯೇಟರಿಗೆ ಯಾಕೆ ಹೋಗಬೇಕು ಎಂಬುದು ಮೊದಲಿನಿಂದಲೂ ಅವನ ವಾದ.

ಪ್ರದರ್ಶನದ ಮರುದಿನ ಮೆಟ್ಟಿಲ ಮೇಲೆ ಎತ್ತರದ ಹಿಮ್ಮಡಿಯ ಸದ್ದು ಕೇಳಿತು. ವೆಲ್ಸ್ಕಾಯಾ ಒಂದು ಜೊತೆ ಷೂ ಹಿಡಿದು ಬಂದಳು, ಹಿಂದೆಯೇ ಮೇಸ್ತ್ರಿ. 'ಅಯ್ಯೋ ಪಾಪ, ವಿಲ್ಫ್‌ಗೂ ವಯಸ್ಸಾಯಿತು' ಎನ್ನುವ ಮುಖವನ್ನು ಸಿರಿಲ್ ಮೊದಲೇ ಸಿದ್ಧ ಮಾಡಿಕೊಂಡಿದ್ದ.

ವೆಲ್ಸ್ಕಾಯಾ ವಿಲ್ಫ್‌ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. "ನನ್ನ ಗಂಟೆಯಪ್ಪಾ! ಇಂಥ ಷೂ ನನ್ನ ಜನ್ಮದಲ್ಲೇ ಹಾಕಿರ್ಲಿಲ್ಲ. ಇನ್ಮೇಲೆ ನಂಗೆ ಇಂಥವೇ ಬೇಕು, ಸಾಯೋವರ್ಗೂ!"

ವಿಲ್ಫ್ ಷೂವನ್ನು ತಿರುಗಿಸಿ ನೋಡಿದ. ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಒಳಕ್ಕೆ ಹೋಯಿತು. ಅವನ ಹುಬ್ಬು ಮೇಲೇರಿತು. ಸಿರಿಲ್‌ಗೆ ತಡೆಯಲಾಗಲಿಲ್ಲ. ಆಕೆಯೊಂದಿಗೆ ಅವನು ಆಡಿದ ಮೊದಲ ಮಾತು ಅದು:

"ಮೆತ್ತಗಿರ್ಲಿಲ್ವಾ ಮೇಡಂ?"

ವಿಲ್ಫ್ ನಿಧಾನವಾಗಿ ಅವನತ್ತ ತಿರುಗಿದ. ಕಾರ್ಖಾನೆಯಲ್ಲಿ ಆ ಷೂವನ್ನು ಒತ್ತಿ ನೋಡಿದ್ದವನು ವಿಲ್ಫ್ ಒಬ್ಬನೇ, ಅದು ಮೆತ್ತಗಿದೆಯೆಂದು ತನಗೆ ಗೊತ್ತಿರಬಾರದು ಎಂಬುದು ಸಿರಿಲ್‌ಗೆ ಹೊಳೆಯುವಷ್ಟರಲ್ಲಿ ಮಾತು ಬಾಯಿ ದಾಟಿತ್ತು. ತಾನೇ ಮಾಡಿದ್ದೆಂದು ಈಗ ಎದೆ ತಟ್ಟಿ ಹೇಳಿದರೆ ವೆಲ್ಸ್ಕಾಯಾ ತನ್ನವಳಾಗುತ್ತಾಳೆ. ಆದರೆ ಇನ್ನೊಬ್ಬನ ಮುದ್ರೆ ಕದ್ದವನನ್ನು ಮೇಸ್ತ್ರಿ ಅದೇ ಗಳಿಗೆಯಲ್ಲಿ ಬೀದಿಗೆ ತಳ್ಳುತ್ತಾನೆ. "ಈ ಥರದ್ದಕ್ಕೆ ಸಿರಿಲ್ ಕೈ ಜೋಡಿಸ್ಬೇಕು ಮೇಡಂ," ಎಂದ ವಿಲ್ಫ್, ನಗು ನುಂಗಿಕೊಂಡು. "ಪ್ರತಿ ಶನಿವಾರ ಕೂತು ಮಾಡ್ಕೊಡ್ತಾನೆ, ನಾನು ಫುಟ್‌ಬಾಲ್ ನೋಡ್ಕೊಂಡು ಬಂದು ಗಂಟೆ ಒತ್ತಿದ್ರಾಯ್ತು. ಏನಪ್ಪಾ?" ಸಿರಿಲ್ "ಹೂಂ" ಎಂದ. ವೆಲ್ಸ್ಕಾಯಾ ಕಣ್ಣೊರೆಸಿಕೊಂಡು ಅವನ ಪ್ರಶ್ನೆಗೆ ಉತ್ತರ ಹೇಳಿದಳು: "ಮೆತ್ತಗಿದ್ದಿದ್ದೇ ಪುಣ್ಯ ಕಣ್ರೀ! ಗಟ್ಟಿ ಷೂ ಹಾಕ್ಕೊಂಡು ದೆವ್ವ ಟಕ್ ಟಕ್ ಅಂತ ನಡೆದ್ರೆ ಜನ ನಗಲ್ವಾ? ಹೊಸ ಷೂ ಬಂದ ತಕ್ಷಣ ನಾವು ಮೊದ್ಲು ಮಾಡೋ ಕೆಲ್ಸಾನೇ ಬಾಗಿಲ ಸಂದೀಲಿಟ್ಟು ಜಜ್ಜಿ, ಸುತ್ತಿಗೇಲಿ ಬಡ್ದು ಮೆತ್ತಗೆ ಮಾಡೋದು. ಎಲ್ಲ ನರ್ತಕಿಯರೂ ಮಾಡ್ತಾರೆ. ನಿಮ್ಗೆ ಗೊತ್ತಿರ್ಲಿಲ್ವಾ?"