ಚಿಟಿಕೆ ಉಪ್ಪು, ಹಿಡಿ ಅನುಮಾನ

“ಬೆರಳು ತೆಗೀರಿ ಆಚೆ!”

ಬೇಕರಿಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಅವಳು ಕೂಗಿದ ಕೂಗಿಗೆ ಒಳಗಿದ್ದ ಅಪರಿಚಿತ ಬೆಚ್ಚಿಬಿದ್ದ. ಅವನ ತೋರುಬೆರಳು ಕೇಕಿನ ಹಿಟ್ಟಿನ ಪಾತ್ರೆಯೊಳಗಿತ್ತು. ಗಾಬರಿಯಲ್ಲಿ ಹೊರಗೆಳೆದವನು, ಒರೆಸಿಕೊಳ್ಳುವುದು ಬಿಟ್ಟು ನೇರವಾಗಿ ಬಾಯಿಗಿಟ್ಟುಕೊಂಡ!

“ಅಯ್ಯೋ, ತಿಂದೂ ಬಿಟ್ರಾ? ಯಾರ್ರೀ ನೀವು?”

“ಓವನ್... ಓವನ್ ರಿಪೇರಿಗೆ...”

“ಓವನ್ ಅಲ್ಲಿದೆ. ಇದು ಪಾತ್ರೆ. ಕಣ್ಣು ಕಾಣಿಸುತ್ತೆ ತಾನೇ?”

ಅಷ್ಟರಲ್ಲಿ ಅಪ್ಪ ಉಗ್ರಾಣದಿಂದ ಓಡಿ ಬಂದರು. ಕೈಯಲ್ಲಿ ಉಪ್ಪಿನ ಡಬ್ಬಿ. “ಗೊತ್ತಿರೋರೇ ಮಗಳೇ, ನಿನ್ನೆ ನೀನಿಲ್ಲದಾಗ ಬಂದಿದ್ರು. ಅದೇನೋ ಬಿಸಿ ಸರಿಯಾಗಿ ಹತ್ತುತ್ತಿರಲಿಲ್ಲವಲ್ಲ...” ಎಂದು ತೊದಲಿದರು. ಅಪ್ಪ ತೊದಲುವವರೇ ಅಲ್ಲ! ಅವಳ ಹುಬ್ಬು ಮೇಲೇರಿತು.

ಅನುಮಾನ ಪಡುವುದರಲ್ಲಿ ನಮ್ಮ ನಾಯಕಿಯನ್ನು ಮೀರಿಸುವವರಿಲ್ಲ. ಮೊಟ್ಟೆಯವನು ನಕ್ಕರೆ ಒಡೆದ ಮೊಟ್ಟೆ ಹುಡುಕುತ್ತಾಳೆ, ನಗದಿದ್ದರೆ ಕೊಳೆತದ್ದು ಹುಡುಕುತ್ತಾಳೆ. ಎದುರು ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅವಳ ಬಾಲ್ಯದ ಗೆಳತಿ ಸುಮ್ಮನೆ ಅವಳಿಗೆ ‘ಪೊಲೀಸಮ್ಮ’ ಎಂದು ಹೆಸರಿಟ್ಟಿದ್ದಲ್ಲ. ಆದರೆ ಈ ಸಲ ಅವಳು ರೇಗಿದ್ದರಲ್ಲಿ ತಪ್ಪಿರಲಿಲ್ಲ, ನಾನಂತೂ ಅವಳ ಪರ.

ಯಾಕೆಂದರೆ ಆ ಮನೆಯಲ್ಲಿ ಉಪ್ಪು ಸಕ್ಕರೆಗೆ ತಕ್ಕಡಿಯಿಲ್ಲ. ಹಿಟ್ಟು ಕಲಸಿದವರೇ ಬೆರಳ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು ಚಿಟಿಕೆ ಚಿಟಿಕೆಯಾಗಿ ಸೇರಿಸಬೇಕು. ಬೇರೆ ಯಾರೂ ಹಸಿ ಹಿಟ್ಟಿನ ರುಚಿ ನೋಡುವಂತಿಲ್ಲ. ಅದು ಅಮ್ಮನ ಕಟ್ಟಪ್ಪಣೆ. ಅಮ್ಮ ಹೋದ ಮೇಲೆ ಆ ಕೆಲಸ ಅಪ್ಪನದು. ಅವಳ ಪಾಲಿಗೆ ಗಲ್ಲಾ, ಕ್ರೀಮು, ಕೇಕಿನ ಅಂಚು ಕತ್ತರಿಸುವುದು. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದರೂ ಒಂದು ದಿನವೂ ಅವಳು ಹಸಿ ಹಿಟ್ಟಿಗೆ ಬೆರಳು ಹಾಕಿದವಳಲ್ಲ. ಹಾಗಿರುವಾಗ ಬೀದಿಯಲ್ಲಿ ಹೋಗುವವನು ಬಂದು ನೆಕ್ಕಿಬಿಡುವುದೇ?

ರಿಪೇರಿ ಮುಗಿಯಿತು. ಆದರೆ ಅವನು ಬರುವುದು ನಿಲ್ಲಲಿಲ್ಲ!

ದಿನಾ ಬೆಳಿಗ್ಗೆ ಸ್ಕ್ರೂಡ್ರೈವರ್ ಜೇಬಿಗೆ ಸಿಕ್ಕಿಸಿಕೊಂಡು ಹಾಜರ್. ಓವನ್ ಮುಂದೆ ಕೂತು ಅದರ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದ. ಅವಳು ಒಳಗೆ ಕಾಲಿಟ್ಟರೆ ಸಾಕು, ಅಪ್ಪ ಮತ್ತು ಅವನ ಪಿಸುಮಾತು ಗಪ್ಪನೆ ನಿಂತುಬಿಡುತ್ತಿತ್ತು. ಹೋಗುವಾಗ ಒಂದು ತುಂಡು ಕೇಕು ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದ.

ಇನ್ನೊಂದು ವಿಷಯ ಅವಳಿಗೆ ಹೇಳಿಕೊಳ್ಳಲೂ ನಾಚಿಕೆ. ಬೆಳಿಗ್ಗೆ ಬೆಣ್ಣೆ ಕೇಕಿನ ಅಂಚು ಕತ್ತರಿಸಿ ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದು ಅವಳ ಅಭ್ಯಾಸ. ಆಗ ಅವನು ಓವನ್ ಪಕ್ಕದಿಂದ ಅವಳನ್ನೇ ನೋಡುತ್ತಿದ್ದ. ಎವೆಯಿಕ್ಕದೆ!

“ಏನ್ರೀ ಓವನ್ ಡಾಕ್ಟ್ರೇ, ನನ್ನ ಮುಖದ ಮೇಲೂ ಸ್ಕ್ರೂ ಇದ್ಯಾ?”

“ಇಲ್ಲ... ಕೇಕು ಚೆನ್ನಾಗಿದ್ಯಾ ಇವತ್ತು?”

“ಅದು ನಿಮಗ್ಯಾಕೆ?”

“ಸುಮ್ನೆ ಕೇಳ್ದೆ. ನೀವು ತಿನ್ನೋವಾಗ ಸ್ವಲ್ಪ ಕಮ್ಮಿ ಬೈತೀರಿ, ಅದಕ್ಕೆ.”

ನಗು ಬಂದುಬಿಟ್ಟಿತು. ತುಟಿ ಕಚ್ಚಿ ತಡೆದಳು. ‘ನಗಿಸಿ ನಗಿಸಿ ಮನೆ ಸೇರೋ ಜಾತಿ ಇದು. ಹುಷಾರು!’ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಿದ್ದೇನೋ ಸರಿ... ಆದರೆ ಮರುದಿನ ಕನ್ನಡಿಯ ಮುಂದೆ ಅವಳು ಕೂದಲು ಎರಡು ಸಲ ಬಾಚಿದ್ದೇಕೆ? ಅದರ ತನಿಖೆ ಪೊಲೀಸಮ್ಮ ಮಾಡಲಿಲ್ಲ.

ಗೆಳತಿಯ ಮದುವೆ ಹತ್ತಿರ ಬಂತು.

“ನೋಡು, ನನ್ನ ಮದುವೆಗೆ ನಿಮ್ಮಮ್ಮನ ಬೆಣ್ಣೆ ಕೇಕೇ ಬೇಕು. ಅದಿಲ್ಲ ಅಂದ್ರೆ ನಾನು ಮದುವೆನೇ ಆಗಲ್ಲ. ಆ ಪಾಪದವನಿಗೆ ನೀನೇ ಹೋಗಿ ಹೇಳ್ಬೇಕಾಗುತ್ತೆ,” ಎಂದಳು ಗೆಳತಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

“ಮಾಡಿಕೊಡ್ದೆ ಇರ್ತೀವೇನೇ? ಅಮ್ಮನ ರುಚಿ ಅಪ್ಪನ ನಾಲಿಗೆ ಮೇಲೆ ಹಾಗೇ ಇದೆ.”

“ಅದ್ಸರಿ...” ಗೆಳತಿ ಪಿನ್ನು ತೆಗೆದಿಟ್ಟು ದನಿ ತಗ್ಗಿಸಿದಳು. “ನಿಮ್ಮ ಓವನ್ ಡಾಕ್ಟ್ರು ಇದ್ದಾರಲ್ಲ, ಅವರು ಮೂಲೆಯ ದೊಡ್ಡ ಬೇಕರಿಯ ಹಿಂಬಾಗಿಲಿಂದ ಒಳಗೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡ್ದೆ ಕಣೇ. ಕೈಯಲ್ಲಿ ನಿಮ್ಮ ಅಂಗಡಿಯ ಕಾಗದದ ಪೊಟ್ಟಣ!”

ಅವಳ ಕಣ್ಣು ಬೀದಿಯ ಮೂಲೆಯತ್ತ ಹೋಯಿತು.

ಹೊಸದಾಗಿ ತೆರೆದ ಆ ಬೇಕರಿಯ ಗಾಜಿನ ಮೇಲೆ ‘ಅಮ್ಮನ ಕೈರುಚಿಯ ಬೆಣ್ಣೆ ಕೇಕು’ ಎಂದು ಬೋರ್ಡು ಹಾಕಿದ್ದು ಅವಳಿಗೆ ಗೊತ್ತಿತ್ತು. ಯಾರ ಅಮ್ಮನದು? ಈಗ ತಿಳಿಯಿತು! ಬೆರಳು, ಪಿಸುಮಾತು, ಪೊಟ್ಟಣ... ಎಲ್ಲವೂ ಸರಿಯಾಗಿ ಕೂತಿತು. ಅವಳಿಗೆ ಕೋಪಕ್ಕಿಂತ ಮೊದಲು ಅಳು ಬಂತು. ಕೂದಲು ಎರಡು ಸಲ ಬಾಚಿದವಳಿಗೆ ಬರದೆ ಇನ್ನೇನು!

ಮರುದಿನ ಅವನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಅಡ್ಡ ನಿಂತಳು.

“ನಮ್ಮಮ್ಮನ ರುಚಿನ ಅವರಿಗೆ ಎಷ್ಟಕ್ಕೆ ಮಾರಿದ್ರಿ?”

ಅವನ ಮುಖದ ನಗು ಆರಿತು. “ಏನ್ ಹೇಳ್ತಿದ್ದೀರಿ?”

“ದೊಡ್ಡ ಬೇಕರಿಗೆ ಹೋಗಿಲ್ಲ ಅನ್ನಿ ನೋಡೋಣ!”

“ಹೋಗ್ತೀನಿ. ಅಲ್ಲಿನ ಓವನ್ ಕೆಲಸವೂ ನಂದೇ.”

“ಕೇಕು ಯಾಕೆ ತಗೊಂಡು ಹೋದ್ರಿ? ನಮ್ಮ ಹಿಟ್ಟಿನ ರುಚಿ ಯಾಕೆ ನೋಡ್ತೀರಿ? ನಾನು ಬಂದ್ರೆ ಮಾತು ಯಾಕೆ ನಿಲ್ಲುತ್ತೆ? ಹೇಳಿ!”

ಅವನು ಅವಳ ಹಿಂದೆ ನಿಂತಿದ್ದ ಅಪ್ಪನ ಕಡೆ ನೋಡಿದ. ಅಪ್ಪ ತಲೆ ತಗ್ಗಿಸಿದರು.

“ನಾನು ಕಳ್ಳ ಅಲ್ಲ,” ಎಂದ ಅವನು ಮೆಲ್ಲಗೆ. “ಆದ್ರೆ ಇದನ್ನ ಹೇಳೋದು ನನ್ನ ಕೈಲಿಲ್ಲ.”

“ಹಾಗಾದ್ರೆ ಇನ್ಮೇಲೆ ಈ ಬಾಗಿಲು ತುಳೀಬೇಡಿ.”

ಅವನು ಹೊರಟುಹೋದ. ಗೆದ್ದವಳು ಅವಳೇ. ಆದರೂ ಅವತ್ತು ಮಧ್ಯಾಹ್ನ ಅವಳಿಗೆ ಊಟ ಗಂಟಲಲ್ಲಿ ಇಳಿಯಲಿಲ್ಲ.

ಬೆಳಗಾದರೆ ಮದುವೆಯ ಹಿಂದಿನ ದಿನ. ಅಪ್ಪ ಕೇಕಿನ ಹಿಟ್ಟು ಕಲಸಲು ನಿಂತರು. ಬೆರಳ ತುದಿ ನಾಲಿಗೆಗೆ ತಾಗಿಸಿದರು, ಸುಮ್ಮನೆ ನಿಂತರು. ಚಿಟಿಕೆ ಉಪ್ಪು ಹಾಕಿದರು. ಮತ್ತೆ ನೋಡಿದರು, ಮತ್ತೆ ಹಾಕಿದರು. ಹಣೆಯ ಬೆವರು ಒರೆಸಿಕೊಂಡು ಇನ್ನೊಮ್ಮೆ ಡಬ್ಬಿಗೆ ಕೈ ಹಾಕಿದರು.

ಕೇಕು ಬೆಂದು ಹೊರಗೆ ಬಂತು. ಬಣ್ಣ ಹೊನ್ನಿನಂತಿತ್ತು, ಘಮ ಬೀದಿಯವರೆಗೂ ಹಬ್ಬಿತ್ತು. ಅವಳು ಅಂಚು ಕತ್ತರಿಸಿ ಚೂರು ಬಾಯಿಗೆ ಹಾಕಿಕೊಂಡಳು.

ಥೂ! ಬರೀ ಉಪ್ಪು!

ಕೂಗಬೇಕೆಂದು ತಿರುಗಿದವಳು ತಡೆದಳು. ಪೊಲೀಸಮ್ಮನ ಬುದ್ಧಿ ಎಲ್ಲಿ ಹೋಗುತ್ತದೆ? ದೊಡ್ಡದೊಂದು ತುಂಡು ಕತ್ತರಿಸಿ, “ಅಪ್ಪ, ಹೇಗಿದೆ ನೋಡಿ,” ಎಂದು ಕೊಟ್ಟಳು.

ಅಪ್ಪ ನಿಧಾನವಾಗಿ ಅಗಿದರು, ನುಂಗಿದರು. “ಆಹಾ! ಥೇಟ್ ನಿಮ್ಮಮ್ಮನ ಕೈದೇ!”

ಅವಳು ಚಾಕು ಕೆಳಗಿಟ್ಟಳು.

“ಅಪ್ಪ... ಬಾಯಿಗಿಡೋಕಾಗ್ತಿಲ್ಲ ಅದು. ಅಷ್ಟು ಉಪ್ಪಿದೆ.”

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು.

“ಯಾವಾಗಿಂದ?” ಎಂದಳು.

“ಆ ಜ್ವರ ಬಂದು ಹೋಯ್ತಲ್ಲ, ಆವಾಗಿಂದ. ನಾಲಿಗೆ ಮೇಲೆ ಮರದ ಚೂರು ಇಟ್ಟ ಹಾಗಿದೆ ಮಗಳೇ. ಕೇಕು ಸಪ್ಪೆ ಬರ್ತಿದೆ ಅಂತ ಗಿರಾಕಿಗಳು ಹೇಳೋಕೆ ಶುರು ಮಾಡಿದ್ರು. ಓವನ್ ಸರಿ ಇಲ್ಲ ಅಂತ ನಾನೇ ಸುಳ್ಳು ಹೇಳಿ ಆ ಹುಡುಗನ್ನ ಕರೆಸ್ದೆ. ಟೀ ಜೊತೆ ಒಂದು ತುಂಡು ಕೇಕು ಕೊಟ್ರೆ, ‘ಉಪ್ಪು ಕಮ್ಮಿ. ಆಂಟಿ ಇನ್ನೊಂಚೂರು ಹಾಕ್ತಿದ್ರು’ ಅಂದ! ಚಿಕ್ಕೋನಿದ್ದಾಗ ಹಿಂದಿನ ಗಲ್ಲಿಯಲ್ಲಿ ಇದ್ರಂತೆ. ನಿಮ್ಮಮ್ಮ ಕಿಟಕಿಯಿಂದ ದಿನಾ ಕೇಕಿನ ಅಂಚು ಕೊಡ್ತಿದ್ಳಂತೆ. ಅವನ ಕಾಲು ಹಿಡಿಯೋದೊಂದು ಬಾಕಿ. ನನ್ನ ನಾಲಿಗೆ ಕೆಲಸ ನೀನು ಮಾಡಪ್ಪ, ನನ್ನ ಮಗಳಿಗೆ ಮಾತ್ರ ಹೇಳ್ಬೇಡ ಅಂದೆ.”

“ಆ ಪೊಟ್ಟಣ?”

“ಕೇಕು ಪೂರ್ತಿ ಆರಿದ ಮೇಲೂ ರುಚಿ ನೋಡ್ಬೇಕಲ್ಲ. ಮಧ್ಯಾಹ್ನ ತಿಂದು ಫೋನ್ ಮಾಡ್ತಿದ್ದ.”

“ನನ್ನ ಹತ್ರ ಯಾಕಪ್ಪ ಮುಚ್ಚಿಟ್ರಿ? ನಾನೇನು ಹೊರಗಿನವಳಾ?”

ಅಪ್ಪ ಅವಳ ಕೈ ಹಿಡಿದುಕೊಂಡರು. “ನಿಮ್ಮಮ್ಮ ಹೋದಾಗ ನೀನೇ ಅಲ್ವಾ ನನ್ನ ತಬ್ಬಿಕೊಂಡು ಹೇಳಿದ್ದು... ಅಮ್ಮ ಎಲ್ಲೂ ಹೋಗಿಲ್ಲ ಅಪ್ಪ, ನಿಮ್ಮ ನಾಲಿಗೆ ಮೇಲಿದ್ದಾಳೆ ಅಂತ. ಅಲ್ಲಿಂದಲೂ ಹೋದ್ಲು ಅಂತ ನಿನಗೆ ಹೇಗೆ ಹೇಳ್ಲಿ?”

ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಮ್ಮ ಹೋದ ದಿನದಷ್ಟೇ ಅತ್ತಳು. ಆಮೇಲೆ ಎದ್ದು ಮುಖ ತೊಳೆದು, ಏಪ್ರನ್ ಬಿಚ್ಚುವುದನ್ನೂ ಮರೆತು ಬೀದಿಗಿಳಿದಳು.

ದೊಡ್ಡ ಬೇಕರಿಯ ಹಿಂಬದಿಯಲ್ಲಿ ಒಂದು ಓವನ್ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

“ಡಾಕ್ಟ್ರೇ...”

ಕಾಲುಗಳು ಅಲುಗಲಿಲ್ಲ.

“ಅಪ್ಪ ಎಲ್ಲಾ ಹೇಳಿದ್ರು. ನಾನು... ನಾನು ತಪ್ಪು ಮಾತಾಡ್ಬಿಟ್ಟೆ. ಬೈಯೋದಿದ್ರೆ ಬೈದುಬಿಡಿ. ಹೀಗೆ ಕಾಲಿಗೆ ಮಾತಾಡೋಕೆ ಕಷ್ಟ ಆಗ್ತಿದೆ.”

ಒಳಗಿನಿಂದ ಸಣ್ಣ ನಗು ಕೇಳಿಸಿತು. ಮಸಿ ಮೆತ್ತಿಕೊಂಡ ಮುಖ ಹೊರಗೆ ಬಂತು. ಕಣ್ಣಲ್ಲಿ ನೋವು ಇನ್ನೂ ಇತ್ತು.

“ಬೈದಿದ್ದಕ್ಕೆ ಬೇಜಾರಿಲ್ಲ. ನೀವು ಬೈದೇ ನನಗೆ ಪರಿಚಯ ಆಗಿದ್ದು. ಆದ್ರೆ ಕಳ್ಳ ಅಂದ್ಕೊಂಡ್ರಲ್ಲ... ಅದು ನೋವಾಯ್ತು.”

“ಆಗ್ಬೇಕಾದ್ದೇ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ ನನಗೆ.” ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. “ನನ್ನ ಗೆಳತಿ ಮದುವೆ ಕೇಕು ಹಾಳಾಗಿದೆ. ಹೊಸದಾಗಿ ಕಲಸ್ತೀನಿ, ಒಂದು ಸಲ ಬಂದು ರುಚಿ ನೋಡಿ. ಆಮೇಲೆ ಬೇಕಾದ್ರೆ ನೀವೇ ನಮ್ಮ ಬಾಗಿಲು ತುಳೀಬೇಡಿ.”

ಅವನು ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಎದ್ದ.

ಈ ಸಲ ಅವಳೇ ಹೊಸ ಹಿಟ್ಟು ಕಲಸಿದಳು. ಅಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತರು. ಅವಳು ಪಾತ್ರೆಯನ್ನು ಅವನ ಮುಂದೆ ಸರಿಸಿದಳು.

“ಉಪ್ಪು ಎಷ್ಟು ಬೇಕು, ಹೇಳಿ.”

ಅವನು ಬೆರಳು ಹಾಕಲಿಲ್ಲ.

“ಒಂದು ನಿಜ ಹೇಳ್ಬೇಕು. ಅಂಕಲ್, ನೀವೂ ಕೇಳಿ. ಮೊದಮೊದಲು ನೆನಪಿಂದಲೇ ಹೇಳ್ತಿದ್ದೆ. ಆದ್ರೆ ಚಿಕ್ಕಂದಿನಲ್ಲಿ ತಿಂದ ರುಚಿ... ದಿನ ಹೋದ ಹಾಗೆ ನನಗೇ ಅನುಮಾನ ಬಂತು. ಆಂಟಿ ಹಾಕಿದ ಉಪ್ಪಿನ ನೆನಪಾ, ನನ್ನ ಕಲ್ಪನೆಯಾ, ಗೊತ್ತಾಗ್ತಿರಲಿಲ್ಲ.”

“ಮತ್ತೆ?” ಎಂದಳು. “ಹಾಗಾದ್ರೆ ಇಷ್ಟು ದಿನ ಅಮ್ಮನ ರುಚಿ ಅಂತ ಕಣ್ಮುಚ್ಚಿ ತಿಂದ್ನಲ್ಲ... ಅದು ಯಾರದ್ದು?”

“ನಿಮ್ಮದೇ.”

“ಏನು ಹಾಗಂದ್ರೆ?”

“ನೀವು ಅಂಚು ತಿನ್ನೋವಾಗ ನಿಮ್ಮ ಮುಖ ನೋಡ್ತಿದ್ದೆ. ಹುಬ್ಬು ಸ್ವಲ್ಪ ಗಂಟಾದ್ರೆ, ‘ನಾಳೆ ಒಂಚೂರು ಜಾಸ್ತಿ ಹಾಕಿ ಅಂಕಲ್’ ಅಂತಿದ್ದೆ. ನೀವು ಕಣ್ಮುಚ್ಚಿ ಸುಮ್ನಾದ ದಿನ, ‘ಇಷ್ಟೇ ಸರಿ’ ಅಂತಿದ್ದೆ. ಆ ರುಚಿ ನನ್ನ ಹತ್ರ ಇರಲಿಲ್ಲ. ನಿಮ್ಮ ನಾಲಿಗೆ ಮೇಲಿತ್ತು. ನೀವು ಮಾತ್ರ ಅದನ್ನ ಯಾವತ್ತೂ ನಂಬಲಿಲ್ಲ.”

ಊರನ್ನೆಲ್ಲ ಅನುಮಾನದಿಂದ ನೋಡಿದ ಹುಡುಗಿ ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಎಲ್ಲರಿಗಿಂತ ಹೆಚ್ಚು ಅವಳು ಅನುಮಾನಪಟ್ಟಿದ್ದು ತನ್ನನ್ನೇ!

“ಬೆರಳು ಹಾಕು ಮಗಳೇ,” ಎಂದರು ಅಪ್ಪ. “ನಿಮ್ಮಮ್ಮನ ಅಪ್ಪಣೆ ಏನು? ಕಲಸಿದವರೇ ನೋಡ್ಬೇಕು. ಇವತ್ತು ಕಲಸಿದ್ದು ನೀನು ತಾನೇ?”

ಅವಳು ಬೆರಳನ್ನು ಹಿಟ್ಟಿಗದ್ದಿ ನಾಲಿಗೆಗೆ ತಾಗಿಸಿದಳು. ಬೆಣ್ಣೆ, ಸಕ್ಕರೆ, ಮೊಟ್ಟೆ... ಏನೋ ಒಂದು ಇಲ್ಲ. ಚಿಟಿಕೆ ಉಪ್ಪು ಹಾಕಿ ಕಲಸಿದಳು. ಇನ್ನೂ ಇಲ್ಲ. ಮತ್ತೆ ಅರ್ಧ ಚಿಟಿಕೆ. ಈ ಸಲ ಬೆರಳು ಬಾಯಿಗೆ ಹೋದದ್ದೇ ತಡ, ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೆನ್ನೆಯ ಮೇಲೆ ನೀರು ಇಳಿಯಿತು.

“ಬಂದ್ಲು ಅಪ್ಪ...” ಎಂದಳು. “ಅಮ್ಮ ಬಂದ್ಲು.”

ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ಗಿರಾಕಿ ಬಂದರೇನೋ ಎನ್ನುತ್ತ ಅಂಗಡಿಯ ಕಡೆ ನಡೆದರು. ಗಿರಾಕಿ ಯಾರೂ ಬಂದಿರಲಿಲ್ಲ.

ಕೇಕು ಒಳಗೆ ಬೇಯುತ್ತಿತ್ತು. ಓವನ್ ಮುಂದೆ ಇಬ್ಬರೂ ನೆಲದ ಮೇಲೆ ಕೂತಿದ್ದರು, ಮಧ್ಯೆ ಒಂದು ಗೇಣು ಜಾಗ.

“ಕೊನೇ ತನಿಖೆ,” ಎಂದಳು ಅವಳು. “ಅಪ್ಪ ನಿಮ್ಮನ್ನ ದಿನಾ ಬಾ ಅಂದಿದ್ರಾ?”

ಅವನ ಕಿವಿ ಕೆಂಪಾಯಿತು. “ವಾರಕ್ಕೊಂದು ಸಲ ಬಂದ್ರೆ ಸಾಕು ಅಂದಿದ್ರು.”

“ಆದ್ರೆ ನೀವು ದಿನಾ ಬಂದ್ರಿ!”

“ಹೂಂ.”

“ಯಾಕೆ?”

“ಒಂದು ದಿನ ನಿಮ್ಮ ಮುಖ ನೋಡ್ದೆ ಇದ್ರೆ ನನಗೂ ಏನು ತಿಂದ್ರೂ ರುಚಿ ಹತ್ತುತ್ತಿರಲಿಲ್ಲ.” ಅವನು ಅವಳ ಕಡೆ ತಿರುಗಿದ. “ನಿಮ್ಮನ್ನ ಇಷ್ಟಪಡ್ತೀನಿ. ತುಂಬಾ. ನಂಬ್ತೀರೋ ಬಿಡ್ತೀರೋ...”

ಅವಳು ಬಹಳ ಹೊತ್ತು ಅವನ ಮಸಿ ಮುಖವನ್ನೇ ನೋಡಿದಳು. ಹುಡುಕಿದಳು, ಬಗೆದು ಹುಡುಕಿದಳು. ಅಲ್ಲೊಂದು ಸುಳ್ಳೂ ಸಿಗಲಿಲ್ಲ.

“ನಂಬಿದೆ,” ಎಂದಳು.

ಅವನು ನಕ್ಕ. “ಈಗ ನನ್ನ ಕೆಲಸ ಮುಗೀತಲ್ಲ. ನಾಳೆ ಏನು ನೆಪ ಹೇಳ್ಕೊಂಡು ಬರ್ಲಿ?”

ಅವಳು ಆ ಒಂದು ಗೇಣು ಜಾಗವನ್ನು ದಾಟಿ ಅವನ ಪಕ್ಕಕ್ಕೆ ಸರಿದು ಕೂತಳು.

“ನೆಪ ಬೇಡ. ಯಾರಾದ್ರೂ ಕೇಳಿದ್ರೆ, ನಾನು ಕರೆದೆ ಅಂತ ಹೇಳಿ.”