ಫೈರ್ ಎಂಜಿನ್ ಹಚ್ಚಿದ ಬೆಂಕಿ

ಕಂಪನಿ ನೆಮ್ಮದಿಯಾಗಿದ್ದು ಮೂರು ವರ್ಷವಾಗಿತ್ತು. ಆ ನೆಮ್ಮದಿಯೇ ಅವನ ಕುತ್ತಿಗೆಗೆ ಬಂದಿತ್ತು.

ಗೀಸರ್ ತಯಾರಿಸುವ ಕಂಪನಿ ಅದು. ಹೆಸರು ಕೆಡುವ ಹೊತ್ತಿಗೆ ಹೆಸರು ಉಳಿಸುವುದು ಅವನ ಕೆಲಸ. ಎಲ್ಲೋ ಒಂದು ಗೀಸರ್ ಸಿಡಿದರೆ ಪತ್ರಿಕೆಯವರಿಗೆ ಏನು ಹೇಳಬೇಕು, ಸುರಕ್ಷತಾ ಮಂಡಳಿಗೆ ಏನು ಬರೆಯಬೇಕು, ಯಾರು ಬಾಯಿ ತೆರೆಯಬೇಕು, ಯಾರು ತುಟಿ ಪಿಟಕ್ಕೆನ್ನಬಾರದು, ಎಲ್ಲವೂ ಇಪ್ಪತ್ತಾರು ವರ್ಷದಿಂದ ಅವನ ಮೇಜಿನಿಂದಲೇ ಹೊರಡುತ್ತಿತ್ತು. ಆಫೀಸಿನವರು ಅವನನ್ನು ‘ಫೈರ್ ಎಂಜಿನ್’ ಎನ್ನುತ್ತಿದ್ದರು. ಬೆಂಕಿ ಬಿದ್ದಾಗ ಎಲ್ಲರೂ ಅವನ ಕೋಣೆಗೆ ಓಡಿ ಬರುವವರೇ. ಆರಿದ ಮೇಲೆ ಒಬ್ಬರೂ ಇತ್ತ ತಲೆ ಹಾಕುತ್ತಿರಲಿಲ್ಲ. ಫೈರ್ ಎಂಜಿನ್ನನ್ನು ಯಾರಾದರೂ ಮದುವೆಗೆ ಕರೆಯುತ್ತಾರೆಯೇ ಎಂದು ತನಗೆ ತಾನೇ ತಮಾಷೆ ಮಾಡಿಕೊಂಡು ಅವನು ಇಷ್ಟು ವರ್ಷ ಕಳೆದಿದ್ದ. ಈಗ ಬೆಂಕಿಯೇ ಬೀಳುತ್ತಿರಲಿಲ್ಲ. ಅವನೇ ಹಟ ಹಿಡಿದು ಹಾಕಿಸಿದ ಹೊಸ ಪರೀಕ್ಷೆಗಳ ಪುಣ್ಯದಿಂದ ಗೀಸರುಗಳು ಕೆಡುವುದನ್ನೇ ಮರೆತುಬಿಟ್ಟಿದ್ದವು.

ಒಂದು ಸೋಮವಾರ ಎಂ.ಡಿ. ಕರೆಸಿದ. ಹಿಂದಿನ ಎಂ.ಡಿ.ಯ ಮಗ, ಇವನ ಅರ್ಧ ವಯಸ್ಸು.

“ಅಂಕಲ್, ಬೇಜಾರು ಮಾಡ್ಕೋಬೇಡಿ. ನಿಮ್ಮ ವಿಭಾಗ ಮುಚ್ತಾ ಇದೀವಿ. ಮೂರು ವರ್ಷದಿಂದ ನಿಮಗೂ ಕೆಲಸ ಇಲ್ವಲ್ಲ. ಏನಾದ್ರೂ ಆದ್ರೆ ಹೊರಗಿನವರನ್ನ ಕರೆಸಿದ್ರಾಯ್ತು.”

“ಯಾವಾಗಿಂದ?”

“ಮುಂದಿನ ತಿಂಗಳ ಕೊನೆಗೆ. ಹಾಯಾಗಿ ಮನೇಲಿರಿ, ಅಂಕಲ್.”

ಮನೆಯೆಂದರೆ ಎರಡು ಕೋಣೆ, ನಾಲ್ಕು ಕುರ್ಚಿ. ಅವುಗಳಲ್ಲಿ ಸವೆದದ್ದು ಒಂದೇ. ಹೆಂಡತಿ ಹನ್ನೊಂದು ವರ್ಷದ ಹಿಂದೆ, “ನಿಮಗೆ ಕಂಪನಿ ಇದೆಯಲ್ಲ” ಎಂದಷ್ಟೇ ಹೇಳಿ ಹೋಗಿದ್ದಳು. ತಂಗಿ ವಾರಕ್ಕೊಮ್ಮೆ ಫೋನು ಮಾಡಿ “ಊಟ ಆಯ್ತಾ ಅಣ್ಣಾ?” ಎಂದರೆ ಇವನು “ಆಯ್ತು” ಎನ್ನುತ್ತಿದ್ದ, ಅಲ್ಲಿಗೆ ಇಬ್ಬರ ಮಾತಿನ ಗಂಟೂ ಬರಿದು. ಇನ್ನು ದಿನವಿಡೀ ಆ ಮನೆಯಲ್ಲಿ ಇರಬೇಕು ಎಂದು ನೆನೆಸಿಕೊಂಡಾಗ ಅವನಿಗೆ ನಿಜವಾಗಿಯೂ ಭಯವಾಯಿತು. ಸಾವಿಗೂ ಅವನು ಅಷ್ಟು ಹೆದರಿದವನಲ್ಲ.

ಹಾಗಾದರೆ ಒಂದು ಬೆಂಕಿ ಬೇಕು. ಚಿಕ್ಕದು, ಹೇಳಿದ ಮಾತು ಕೇಳುವಂಥದು.

ಯೋಜನೆ ಹದಿನೈದು ದಿನದಲ್ಲಿ ಸಿದ್ಧವಾಯಿತು. ಮಂಡಳಿಗೆ ಒಂದು ಅನಾಮಧೇಯ ದೂರು ಹೋಗಬೇಕು, ಕಂಪನಿಯ ಲ್ಯಾಬಿನಲ್ಲೇ ಕೆಲಸ ಮಾಡುವ ಯಾರೋ ಬರೆದಂತೆ. ಎಲ್ಲರೂ ಮೊದಲು ದೂರು ಬರೆಯುತ್ತಾರೆ. ಅವನು ಮೊದಲು ಉತ್ತರ ಬರೆದ. ಒಂದೊಂದು ಉತ್ತರವೂ ಕಲ್ಲಿನಂತೆ ಗಟ್ಟಿಯಾದ ಮೇಲೆ ಅದಕ್ಕೆ ಒಪ್ಪುವ ಆರೋಪ ಹೊಸೆದ. ಆರೋಪಗಳು ನಾಲ್ಕು. ಒಂದು ಬ್ಯಾಚಿನ ಗೀಸರುಗಳ ವಾಲ್ವ್ ಪರೀಕ್ಷೆಯಲ್ಲಿ ಸೋತಿತ್ತು. ವರದಿ ತಿದ್ದಲಾಗಿತ್ತು. ಅಂಗಡಿಯವರಿಗೆ ವಿಷಯ ಮುಚ್ಚಿಡಲಾಗಿತ್ತು. ನಾಲ್ಕನೆಯದು ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು: ಒಂದು ಭಾನುವಾರ ಲ್ಯಾಬಿನ ಮೂವರನ್ನೇ ಗುಟ್ಟಾಗಿ ಕರೆಸಿ ಮರುಪರೀಕ್ಷೆಯ ನಾಟಕ ಆಡಿಸಿದ್ದರು. ನಿಜಕ್ಕೆ ಆ ಭಾನುವಾರ ಟ್ರಾನ್ಸ್‌ಫಾರ್ಮರ್ ರಿಪೇರಿಯಿಂದಾಗಿ ಇಡೀ ಕಟ್ಟಡಕ್ಕೆ ಕರೆಂಟೇ ಇರಲಿಲ್ಲ. ವಿದ್ಯುತ್ ಕಚೇರಿಯ ಪತ್ರ ಅವನ ಕಡತದಲ್ಲಿ ಭದ್ರವಾಗಿತ್ತು. ಈ ಒಂದು ಸುಳ್ಳು ಮುರಿದು ಬಿದ್ದರೆ ಉಳಿದ ಮೂರೂ ತಾವಾಗಿಯೇ ಮಗುಚಿಕೊಳ್ಳುತ್ತವೆ.

ತಿದ್ದಿದ ವರದಿಗೆ ಲ್ಯಾಬಿನ ಮುಖ್ಯಸ್ಥೆಯ ಸಹಿ ಬೇಕಿತ್ತು. ಊಟದ ಹೊತ್ತಿಗೆ ತನ್ನ ಡಬ್ಬಿ ಹಿಡಿದುಕೊಂಡು ಬಂದು ಅವನೆದುರು ಕೂರುತ್ತಿದ್ದುದು ಆಕೆಯೊಬ್ಬಳೇ. ಆಕೆಯ ಸಹಿಯನ್ನು ಇಪ್ಪತ್ತು ಸಲ ಬರೆದು ಕಲಿತ. ನಾಚಿಕೆಯಾಯಿತು. ನಾಲ್ಕು ದಿನದಲ್ಲಿ ನಾನೇ ಕೈಹಿಡಿದು ಮೇಲೆತ್ತುತ್ತೇನಲ್ಲ ಎಂದು ನಾಚಿಕೆಯನ್ನು ಸುಮ್ಮನಾಗಿಸಿದ.

ದೂರಿನ ಭಾಷೆಯೇ ಕಷ್ಟವಾದದ್ದು. ಇಪ್ಪತ್ತಾರು ವರ್ಷ ನಯವಾದ ವಾಕ್ಯ ಬರೆದ ಕೈಗೆ ಸಿಟ್ಟು ಬರಲೊಲ್ಲದು. ಕೊನೆಗೆ “ನಾವು ದುಡಿದು ಸತ್ತರೂ ನಮ್ಮನ್ನು ಕೇಳುವವರಿಲ್ಲ” ಎಂದು ಬರೆದವನು ಪೆನ್ನು ಕೆಳಗಿಟ್ಟ. ಎಷ್ಟೋ ವರ್ಷದ ಮೇಲೆ ನಿಜವಾದ ಒಂದು ಮಾತು ಬರೆದಿದ್ದ. ಆಮೇಲೆ ಇನ್ನೊಂದು ಬಡಾವಣೆಯ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿ, ಕೈಗವಸು ಹಾಕಿಕೊಂಡು ಆ ವರದಿಯ ಜೊತೆ ಮಡಚಿ, ಆಸ್ಪತ್ರೆಯೆದುರಿನ ಅಂಚೆಪೆಟ್ಟಿಗೆಗೆ ಹಾಕಿದ. ಪತ್ರಿಕೆಗಳಿಗೆ ಕಳಿಸಲಿಲ್ಲ. ಅಲ್ಲಿಗೆ ಹೋದ ಬೆಂಕಿ ಹೇಳಿದ ಮಾತು ಕೇಳುವುದಿಲ್ಲ.

ಒಂಬತ್ತನೆಯ ದಿನ ಮಂಡಳಿಯ ಲಕೋಟೆ ಬಂತು. ದೂರಿನ ಪ್ರತಿ ಲಗತ್ತಿಸಿದೆ, ಹದಿನೈದು ದಿನದಲ್ಲಿ ಉತ್ತರಿಸಿ. ದೂರು ಒಂದೇ ಮೇಜಿನ ಮೇಲೆ ತೆರೆಯಬೇಕು, ಉತ್ತರ ಒಂದೇ ಬಾಯಿಂದ ಹೊರಡಬೇಕು ಎಂಬುದು ಅವನೇ ಮಾಡಿದ ನಿಯಮ. ಹಾಗಾಗಿ ಲಕೋಟೆ ನೇರ ಅವನಲ್ಲಿಗೇ ಬಂತು. ಅಲ್ಪವಿರಾಮಗಳ ಸಮೇತ ಬಾಯಿಪಾಠವಾಗಿದ್ದ ಕಾಗದ. ಓದದೆಯೇ ಕಡತದೊಳಗೆ ಸೇರಿಸಿ, ಮುಖ ಸಪ್ಪೆ ಮಾಡಿಕೊಂಡು ಎಂ.ಡಿ.ಯ ಕೋಣೆಗೆ ನಡೆದ.

ಎಂ.ಡಿ. ಕುರ್ಚಿಯಿಂದ ಎದ್ದುಬಿಟ್ಟ. “ಅಂಕಲ್, ಈಗೇನು ಮಾಡೋದು?”

ಎಷ್ಟು ದಿನವಾಗಿತ್ತು ಈ ಮಾತು ಕೇಳಿ! “ನೀವು ಏನೂ ಮಾಡ್ಬೇಡಿ,” ಎಂದ ಅವನು. “ಯಾರ ಹತ್ರಾನೂ ಮಾತಾಡ್ಬೇಡಿ. ನಾನು ನೋಡ್ಕೋತೀನಿ.”

ಮಧ್ಯಾಹ್ನದೊಳಗೆ ಲ್ಯಾಬಿನ ಮುಖ್ಯಸ್ಥೆಗೆ ಮನೆಯಲ್ಲಿರಲು ಆದೇಶವಾಯಿತು. ಹೋಗುವ ಮುಂಚೆ ಅವನ ಕೋಣೆಯ ಬಾಗಿಲಲ್ಲಿ ನಿಂತಳು. ಅತ್ತು ಕೆಂಪಾದ ಕಣ್ಣು.

“ಸರ್, ಅದು ನನ್ನ ಸಹಿ ಅಲ್ಲ. ಮಕ್ಕಳಾಣೆಗೂ.”

“ನಾನಿದ್ದೀನಲ್ಲಮ್ಮ.”

ಆ ಮಾತು ಹೇಳುವಾಗ ಮೈಯೆಲ್ಲ ಬೆಚ್ಚಗಾಯಿತು. ಎಷ್ಟು ಬೆಚ್ಚಗಾಯಿತೆಂದರೆ, ಅದು ಕೆಟ್ಟ ಸುಖ ಎಂದು ಅವನಿಗೇ ತಿಳಿದುಹೋಯಿತು.

ಎರಡನೆಯ ದಿನಕ್ಕೇ ಉತ್ತರ ಸಿದ್ಧ: ಹನ್ನೆರಡು ಪುಟ, ದಾಖಲೆಗಳು ಬೇರೆ. ವಕೀಲರು ಕೊನೆಯ ಪುಟ ತಿರುವಿ “ನೀವು ನೋಡಿದ ಮೇಲೆ ಇನ್ನೇನು” ಎಂದು ಸಹಿ ಹಾಕಿದರು. ವಾರದ ಕೊನೆಗೆ ಎಂ.ಡಿ. ಎಲ್ಲರೆದುರು ಅವನ ಹೆಗಲ ಮೇಲೆ ಕೈಹಾಕಿ, ವಿಭಾಗ ಮುಚ್ಚುವ ಮಾತೇ ಇಲ್ಲ ಎಂದ. ಮನೆಗೆ ಹೋದವನಿಗೆ ತಂಗಿಗೆ ತಾನೇ ಫೋನು ಮಾಡಬೇಕೆನ್ನಿಸಿತು. ಮಾಡಿ ಏನು ಹೇಳುವುದು ಎಂದು ಹೊಳೆಯದೆ ಬಿಟ್ಟ.

ಹತ್ತು ದಿನದ ಮೇಲೆ ಮಂಡಳಿಯಲ್ಲಿ ವಿಚಾರಣೆ. ಮೇಜಿನಾಚೆ ಕುಳಿತ ಅಧಿಕಾರಿಣಿ ಅವನ ಹಳೆಯ ಎದುರಾಳಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಹೆಂಗಸು. ಉತ್ತರದ ಪುಟಗಳನ್ನು ಒಂದೊಂದಾಗಿ ಮಗುಚಿ, “ಇಷ್ಟು ಒಳ್ಳೆ ಉತ್ತರ ನಾನು ನೋಡೇ ಇಲ್ಲ ಸಾರ್,” ಎಂದರು, “ಅದರಲ್ಲೂ ಆ ಭಾನುವಾರದ್ದು.” ಅವನು ತಲೆಬಾಗಿ ನಕ್ಕ. ಅವರು ನಗಲಿಲ್ಲ. “ದೂರಲ್ಲಿದ್ದ ಆ ಭಾನುವಾರದ ಆರೋಪ ಓದಿದ್ರೆ ಆವತ್ತು ಬಂದ ಮೂವರಲ್ಲಿ ಯಾರೋ ಬರೆದಿದ್ದು ಅಂತ ನಿಮ್ಮವರಿಗೆ ಗೊತ್ತಾಗಿಬಿಡುತ್ತೆ, ಪಾಪ ಅವರ ಕೆಲಸಕ್ಕೆ ಕುತ್ತು ಬರುತ್ತೆ ಅಂತ, ನಿಮಗೆ ಕಳಿಸೋ ಪ್ರತೀಲಿ ನಾನು ಅದನ್ನ ತೆಗೆಸಿಹಾಕಿದ್ದೆ.” ಅವರು ಕಂಪನಿಗೆ ಕಳಿಸಿದ್ದ ಕಾಗದದ ಕಚೇರಿ ಪ್ರತಿಯನ್ನು ಅವನತ್ತ ತಿರುಗಿಸಿ ಇಟ್ಟರು. ಅವನು ಅದನ್ನು ಮೊದಲ ಸಲ ಓದಿದ. ಅದರಲ್ಲಿ ಆರೋಪಗಳು ಮೂರೇ ಇದ್ದವು.