ಬಿಲ್ಲೆಯ ಬೆನ್ನಿನ ಗುರುತು

“ಬಿಲ್ಲೆ ನಕಲಿಯಾದ್ರೆ ನಕಲಿ ಅಂತ ಹೇಳಿ ಹೋಗಿ. ಅದರ ಮೇಲೆ ನಿಮ್ಮ ಗುರುತು ಮಾತ್ರ ಹಾಕ್ಬೇಡಿ ಮಾರಾಯ್ರೆ,” ಎಂದು ಆನ್ಸಿ ಬಾಗಿಲಲ್ಲೇ ಅಡ್ಡ ನಿಂತು ಹೇಳಿದಳು.

ತಿಲಕನಿಗೆ ನಗು ಬಂತು. ಬಹರೈನಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಸೀಫ್ ಬಡಾವಣೆಯ ಹರಾಜು ಕಂಪೆನಿಯಲ್ಲಿ ಹಳೆಯ ಪದಕ, ಕತ್ತಿಗಳ ಅಸಲಿತನ ಪರೀಕ್ಷಿಸುವ ಕೆಲಸ. ಅವನ ಅನ್ನವೆಲ್ಲ ಕಣ್ಣಿನಲ್ಲೇ ಇತ್ತು. ನಕಲಿ ಎಂದು ಖಾತ್ರಿಯಾದರೆ ಹಿಂಬದಿಯಲ್ಲಿ ತನ್ನದೊಂದು ಪುಟ್ಟ ‘ಟಿ’ ಕೆತ್ತಿಬಿಡುವುದು ಅವನ ಪದ್ಧತಿ, ಮುಂದೆ ಇನ್ನೊಬ್ಬ ಮೋಸಹೋಗಬಾರದಲ್ಲ! ಅದನ್ನೇ ಬೇಡ ಎನ್ನುತ್ತಾಳೆ ಈ ಹೆಂಗಸು. ಅಸಲಿ ಎಂದು ಯಾರ ತಲೆಗೋ ಕಟ್ಟುವ ಹುನ್ನಾರ, ಬೇರೇನಲ್ಲ ಎಂದುಕೊಂಡ.

ಹೊರಗೆ ಬುದಯ್ಯ ಹಳ್ಳಿಯ ಮಧ್ಯಾಹ್ನದ ಬಿಸಿಲು ಉರಿಯುತ್ತಿದ್ದರೂ ಮನೆಯೊಳಗೆ ಮಬ್ಬು. ಆರಿದ ಮೇಣದಬತ್ತಿಯ ಕಮಟು, ನೋವಿನ ಮುಲಾಮಿನ ಘಾಟು. ಆನ್ಸಿಯ ಗಂಡ ಹರ್ಬರ್ಟ್ ಕಪ್ಪು ಕನ್ನಡಕ ಹಾಕಿ ಸೋಫಾದಲ್ಲಿ ಗೋಡೆಯ ಕಡೆ ಮುಖಮಾಡಿ ಕುಳಿತಿದ್ದ. ನಕಲಿಗೆ ಗುರುತು ಹಾಕುವ ತಿಲಕನೇ ಬರಬೇಕೆಂದು ಕಂಪೆನಿಗೆ ಫೋನ್ ಮಾಡಿ ಹಟ ಹಿಡಿದವನು ಅವನೇ.

“ಇವರು ಇದನ್ನು ತಂದ ದಿನವೇ ಹಿಂದೆ ತಮ್ಮ ಅಕ್ಷರ ಕೆತ್ತಿದ್ರು,” ಆನ್ಸಿ ಪಿಸುಗುಟ್ಟಿದಳು. “ಆಮೇಲೆ ಕಣ್ಣು ಮಂಜಾಗ್ತಾ ಹೋಯ್ತು. ಈಗ ಎಂತದೂ ಕಾಣುದಿಲ್ಲ. ಊರಿನ ಗುರುವಪ್ಪ ಮಂತ್ರವಾದಿ ಹೇಳಿದ್ರು, ಯಾರೋ ಮಾಟ ಮಾಡಿ ಬಿಟ್ಟದ್ದಂತೆ. ಇದರ ಮೇಲೆ ಕಡೆಗೆ ಯಾರ ಗುರುತು ಬೀಳ್ತದೋ ಅವರನ್ನೇ ಮಾಡಿದವರು ಅಂತ ಮಾಟ ಹಿಡಿಯುದಂತೆ.”

“ಸಾಕು ಮಾಡು!” ಹರ್ಬರ್ಟ್ ಗದರಿದ. “ತಿಲಕ್, ನಿಮ್ಮ ಪದ್ಧತಿ ಬಿಡ್ಬೇಡಿ. ನಕಲಿಯಾದ್ರೆ ಗುರುತು ಹಾಕಿಯೇ ಹೋಗಿ.”

ಗಂಡನಾದರೂ ಪ್ರಾಮಾಣಿಕ ಎನಿಸಿತು ತಿಲಕನಿಗೆ.

ಅದು ಮಹಾಯುದ್ಧದಲ್ಲಿ ಗಾಯಗೊಂಡ ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಬಿಲ್ಲೆ. ಚಿನ್ನದ ಬಣ್ಣದ್ದು, ಎರಡೂ ಕಣ್ಣು ಕಳೆದುಕೊಂಡವರಿಗೆ ಸಿಗುತ್ತಿದ್ದ ದರ್ಜೆ. ತಿಲಕ ಅದನ್ನು ತಿರುವಿ ಭೂತಗನ್ನಡಿ ಹಿಡಿದ. ತಯಾರಕರ ಸಂಖ್ಯೆಯನ್ನು ಉಕ್ಕಿನ ಅಚ್ಚಿನಿಂದ ಒತ್ತಿದ್ದರೆ ಅಂಚು ಚೂಪಾಗಿರಬೇಕು. ಇಲ್ಲಿ ಅಂಕಿಗಳ ಮೂಲೆಗಳೆಲ್ಲ ಮೊಂಡು. ತಳದಲ್ಲಿ ಎರಕ ಹೊಯ್ದಾಗ ಗಾಳಿ ಸಿಕ್ಕಿ ಬಿದ್ದ ಸೂಜಿಮೊನೆಯಂಥ ಗುಳಿಗಳು. ಅಸಲಿ ಬಿಲ್ಲೆಯ ಪಡಿಯಚ್ಚು ತೆಗೆದು ಎರಕ ಹೊಯ್ದಿದ್ದಾರೆ. ಪಕ್ಕದಲ್ಲಿ ಹರ್ಬರ್ಟನ ‘ಎಚ್’.

“ಖಲಾಸ್. ನಕಲಿ,” ಎಂದು ಉಳಿ ತೆಗೆದ.

ಆನ್ಸಿ ಅವನ ಮಣಿಕಟ್ಟು ಹಿಡಿದಳು. “ಬೇಡ ತಮ್ಮಾ. ನಿಮ್ಮ ಕಾಲಿಗೆ ಬೀಳ್ತೇನೆ.”

“ಯಾವ ಕಾಲದಲ್ಲಿದ್ದೀರಿ ಅಕ್ಕಾ?” ಎಂದು ಕೈ ಕೊಡವಿಕೊಂಡ. ಒಂದು ಅಡ್ಡಗೆರೆ. ಒಂದು ಉದ್ದಗೆರೆ.

ಬಿಲ್ಲೆ ಬೆಚ್ಚಗಾಯಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ತಿಲಕ ಬೆಚ್ಚಿ ಅದನ್ನು ಮೇಜಿನ ಮೇಲೆ ಬಿಟ್ಟ. ಅಷ್ಟರಲ್ಲಿ ಕತ್ತಲಾಯಿತು. ಕರೆಂಟು ಹೋಗಿರಬೇಕು. ಆದರೆ ಎಸಿ ಗುಂಯ್ ಎನ್ನುತ್ತಲೇ ಇತ್ತು. ಭೂತಗನ್ನಡಿ ಎಸೆದ. ಕಣ್ಣುಜ್ಜಿದ. ಕತ್ತಲೆ. ಇನ್ನೂ ಉಜ್ಜಿದ. ಕತ್ತಲೆ.

“ಅಕ್ಕಾ, ಲೈಟ್ ಹಾಕಿ.”

“ಲೈಟ್ ಉಂಟು ತಮ್ಮಾ...” ಆನ್ಸಿ ಬಿಕ್ಕಿದಳು.

ಅಳಿಸಬೇಕು. ಆ ಗುರುತನ್ನು ಕೆರೆದು ತೆಗೆಯಬೇಕು. ಅವನು ಹುಚ್ಚನ ಹಾಗೆ ಮೇಜು ತಡಕಿದ. ಉಳಿ ಸಿಕ್ಕಿತು. ಬಿಲ್ಲೆ ಸಿಗಲಿಲ್ಲ. ಸೋಫಾ ಕಿರುಗುಟ್ಟಿತು. ಎಲ್ಲೋ ಒಂದು ಕನ್ನಡಕ ಮಡಚಿದ ಸದ್ದು.

“ಹುಡುಕ್ಬೇಡಿ. ಅದು ನನ್ನ ಕೈಯಲ್ಲಿ ಉಂಟು,” ಎಂದ ಹರ್ಬರ್ಟ್. ಹತ್ತಿರ ಬಂದು ತನ್ನ ಮುಖವನ್ನೇ ನೋಡುತ್ತಿದ್ದಾನೆಂದು ಅವನ ಬಿಸಿಯುಸಿರಿನಿಂದ ತಿಲಕನಿಗೆ ತಿಳಿಯಿತು.

“ದೇವರೇ,” ಹರ್ಬರ್ಟನ ದನಿ ಒಡೆಯಿತು, “ನೀವು ಇಷ್ಟು ಸಣ್ಣ ಪ್ರಾಯದವರು ಅಂತ ನನಗೆ ಗೊತ್ತಿರ್ಲಿಲ್ಲ.”